ಹುಬ್ಬಳ್ಳ್ಯಾಗ ನಾ ಎಕೋ ಕಲತದ್ದು: ನನ್ನ ಅನುಭವ

ಪಿಯುಸಿ ಸೈನ್ಸ್ ಮುಗಿಸಿದ ಹುಡುಗ್ಯಾರು ಭಾಳ ಮಂದಿ ಕೇಳ್ತಾರ, ಅಕ್ಕಾ ನೀಟ್ ಆಗಲಿಲ್ಲ, ನರ್ಸಿಂಗ್ ಬ್ಯಾಡಂತಾರ ಮನ್ಯಾಗ, ನಿಮ್ಮ ಎಕೋ (ಅಲ್ಟ್ರಾಸೌಂಡ್‌ಲೆ ಹೃದಯ ನೋಡೂ ಪರೀಕ್ಷೆ) ಲೈನ್ ಹೆಂಗೈತಿ ಅಂತ. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗೇತಿ, ಅದಕ ಒಮ್ಮೆ ಎಲ್ಲಾ ಬರದ ಬಿಡ್ತೀನಿ.

ನಾ ಮಾಡಿದ್ದು ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ಯುನಿವರ್ಸಿಟಿದು. ಪಿಯುಸಿಯೊಳಗ ಬಯಾಲಜಿ ಇರಬೇಕು, 3 ವರ್ಷ ಓದು, ಮ್ಯಾಲ ಇಂಟರ್ನ್‌ಶಿಪ್. ಇಸಿಜಿ, ಟಿಎಂಟಿ (ಓಡಿಸಿ ತಗಿಯೂ ಇಸಿಜಿ), ಹೋಲ್ಟರ್ (ದಿನವಿಡೀ ಮೈಮ್ಯಾಲ ಇಟ್ಟು ತಗಿಯೂ ಇಸಿಜಿ), ಕ್ಯಾಥ್‌ಲ್ಯಾಬ್ (ರಕ್ತನಾಳದಾಗ ನಳಿಗಿ ಹಾಕಿ ಹೃದಯ ನೋಡೂ ರೂಮ್), ಎಕೋ ಎಲ್ಲಾ ಇದರಾಗ ಬರತೈತಿ. ನಮ್ಮ ಬ್ಯಾಚಿನ ಹುಡುಗ್ರು ಹೆಚ್ಚಿನವರು ಕ್ಯಾಥ್‌ಲ್ಯಾಬ್ ಕಡೆ ಓಡಿದ್ರು, ಅಲ್ಲಿ ಸ್ಟೆಂಟ್ ಹಾಕೂದು ನೋಡಾಕ ಸಿಗತೈತಲ್ಲ, ಹಂಗಾಗಿ. ನನಗ ಆ ಎಕ್ಸ್‌-ರೇ ತಡಿಯೂ ಸೀಸದ ಏಪ್ರನ್ ಹಾಕ್ಕೊಂಡು ತಾಸುಗಟ್ಟಲೆ ನಿಂದ್ರೂದು ಬ್ಯಾಡಾಗಿತ್ತು, ಎಕೋ ರೂಮಿನಾಗ ಎಸಿ ಐತಿ, ಕತ್ತಲಿ ಐತಿ, ಕುಂತು ಮಾಡೂ ಕೆಲಸ ಅನ್ನೂದ ದೊಡ್ಡ ಕಾರಣ, ಸುಳ್ಳ ಯಾಕ ಹೇಳ್ಲಿ.

ಕಾಲೇಜ್ ಹುಡುಕೂವಾಗ ಎಲ್ಲಾರೂ ಬಿಲ್ಡಿಂಗ್ ನೋಡ್ತಾರ, ಹಾಸ್ಟೆಲ್ ನೋಡ್ತಾರ, ಫೀಸ್ ಕೇಳ್ತಾರ. ಕೇಳಬೇಕಾದ್ದು ಒಂದ ಐತಿ, ಅಲ್ಲಿ ವಿದ್ಯಾರ್ಥಿಗಳ ಕೈಗೆ ಪ್ರೋಬ್ (ಎದಿ ಮ್ಯಾಲ ಇಟ್ಟು ಚಿತ್ರ ತಗಿಯೂ ಹಿಡಿ) ಕೊಡ್ತಾರೋ ಇಲ್ಲೋ. ನನ್ನ ಗೆಳತಿ ಒಬ್ಬಾಕಿ ಬ್ಯಾರೆ ಊರಾಗ ಓದಿದ್ಲು, ಮೆಶಿನ್ ಚಲೋದಿತ್ತು, ಆದ್ರ ಮುಟ್ಟಾಕ ಬಿಡತಿರಲಿಲ್ಲ, ಹಿಂದ ನಿಂತು ನೋಡೂದ ಆತು, ಇಂಟರ್ನ್‌ಶಿಪ್ ಮುಗದ್ರೂ ಆಕಿಗೆ ಫೋರ್ ಚೇಂಬರ್ (ಹೃದಯದ ನಾಕೂ ಕೋಣಿ ಒಟ್ಟಿಗೆ ಕಾಣೂ ಚಿತ್ರ) ಸಿಗವಲ್ದಾಗಿತ್ತು. ನನ್ನ ಪುಣ್ಯಾಕ ನಮ್ಮಲ್ಲಿ ಓಪಿಡಿ ರಶ್ ಭಾಳ, ಮೆಶಿನ್ ಹಳೇದು. ಗದಗ, ಹಾವೇರಿ, ಕೊಪ್ಪಳ ಎಲ್ಲಾ ಕಡಿಯಿಂದ ಮಂದಿ ಬರತಿದ್ರು, ಸೀನಿಯರ್ ಒಬ್ಬರ ಕೈಲೆ ಮುಗಿಯೂವಂಗ ಇರಲಿಲ್ಲ, ಹಿಂಗಾಗಿ ನಮ್ಮ ಕೈಗೆ ಪ್ರೋಬ್ ಬಂತು.

ಮೊದಲ ಕೆಲಸ ಪೇಶಂಟ್‌ನ ಮಲಗಸೂದು. ಎಡಮಗ್ಗಲಾಗಿ ಮಲಗ್ರಿ ಅಜ್ಜಾರ, ಎಡಗೈ ತಲಿ ಕೆಳಗ ಇಟಗೋರಿ ಅಂತ ಹೇಳಬೇಕು. ಹಂಗ ಮಲಗಿದ್ರ ಹೃದಯ ಎದಿಗೋಡಿ ಕಡೆ ಸರೀತೈತಿ, ಕೈ ಮ್ಯಾಲೆ ಎತ್ತಿದ್ರ ಪಕ್ಕೆಲುಬಿನ ನಡುವಿನ ಸಂದಿ ಅಗಲ ಆಗತೈತಿ. ಮೂರು ಇಸಿಜಿ ವೈರ್ ಹಚ್ಚಿ, ಜೆಲ್ ಹಾಕಿ, ಎದಿ ಮೂಳಿ ಎಡಕ್ಕ ಮೂರನೇ ಇಲ್ಲಾ ನಾಕನೇ ಸಂದ್ಯಾಗ ಪ್ರೋಬ್ ಇಡೂದು, ಪ್ರೋಬ್ ಮ್ಯಾಲಿನ ಗುರ್ತು ಬಲ ಭುಜದ ಕಡೆ. ಅದು ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್, ಹೃದಯ ಉದ್ದಕ ಸೀಳಿದಂಗ ಕಾಣೂ ಚಿತ್ರ. ಅಲ್ಲಿಂದ ಜಾಗಾ ಬಿಡದ 90 ಡಿಗ್ರಿ ತಿರವಿದ್ರ ಶಾರ್ಟ್ ಆಕ್ಸಿಸ್, ಅಡ್ಡ ಕೊಯ್ದಂಗ. ಪುಸ್ತಕದಾಗ ಎರಡು ಸಾಲು ಅಷ್ಟ. ಕೈಯಾಗ ಬರಾಕ ತಿಂಗಳುಗಟ್ಟಲೆ ಹಿಡೀತು, ಯಾಕಂದ್ರ ತಿರವೂವಾಗ ಪ್ರೋಬ್ ಒಂದ ಚೂರ ಜಾರಿದ್ರ ಹೃದಯ ಹೋಗಿ ಬರೇ ಪುಪ್ಪುಸ ಕಾಣತೈತಿ, ಅಂದ್ರ ಬಿಳಿ ಮಂಜು. ನಮ್ಮ ಸೀನಿಯರ್ ಸರ್, ಹಾವೇರಿ ಕಡಿಯವರು, ನನ್ನ ಕಿರುಬೆರಳನ್ನ ಪೇಶಂಟಿನ ಎದಿ ಮ್ಯಾಲ ಊರಿಸಿ "ಇದನ್ನ ಎತ್ತಬ್ಯಾಡವಾ, ಬಾಕಿ ಏನರೆ ಮಾಡು" ಅಂತಿದ್ರು. ಬಾಗಿಲದ ಚಿಲಕ ತಿರವಿದಂಗ ಬರೇ ಮಣಿಕಟ್ಟು ತಿರಗಬೇಕು.

ಬೀಡಿ ಸೇದಿ ಸೇದಿ ಎದಿ ಡಬ್ಬಿ ಆದ ಅಜ್ಜಾರು ಬಂದ್ರ ಇದ್ಯಾವುದೂ ನಡಿಯೂದಿಲ್ಲ. ಪುಪ್ಪುಸದಾಗ ಗಾಳಿ ತುಂಬಿ ಹೃದಯ ಮುಚ್ಚಿಬಿಟ್ಟಿರತೈತಿ, ಅಲ್ಟ್ರಾಸೌಂಡ್ ಗಾಳಿ ದಾಟೂದಿಲ್ಲ. ಅವರನ್ನ ಅಂಗಾತ ಮಲಗಿಸಿ, ಮೊಣಕಾಲ ಮಡಚಿಸಿ, ಎದಿಗುಂಡಿ ಕೆಳಗಿಂದ ಸಬ್‌ಕಾಸ್ಟಲ್ ನೋಡೂದು, ಹೆಚ್ಚಿಂದು ಅಲ್ಲೇ ಸಿಗತೈತಿ. ಎದಿ ಮ್ಯಾಲ ಇಡ್ರಿ ಅಂದ್ರ ಹೊಟ್ಟಿ ಮ್ಯಾಲ ಇಟ್ಟೀರಲ್ಲ ಅಂತ ಮನಿಯವರು ಜಗಳಕ್ಕ ಬಂದದ್ದೂ ಐತಿ.

ಫೋರ್ ಚೇಂಬರ್‌ದಾಗ ಎಲ್ಲಾರೂ ಬೀಳೂ ಕುಣಿ ಒಂದೈತಿ. ಪ್ರೋಬ್ ಹೃದಯದ ತುದಿಗಿಂತ ಒಂದ ಸಂದಿ ಮ್ಯಾಲಕ್ಕ ಇದ್ರ ಆ ತುದಿ ಕತ್ತರಿಸಿ ಹೃದಯ ಗಿಡ್ಡ ಕಾಣತೈತಿ, ತುದಿ ದುಂಡಗ, ದಪ್ಪ, ಚಲೋ ಬಡದಂಗ ಕಾಣತೈತಿ. ಚಿತ್ರ ಅಂತೂ ಚಂದ ಇರತೈತಿ! ಖರೇ ತುದಿ ತೆಳ್ಳಗ ಇರತೈತಿ, ಅಷ್ಟಾಗಿ ಅಲುಗೂದಿಲ್ಲ. ಗಿಡ್ಡ ಚಿತ್ರದಾಗ ಇಎಫ್ (ಹೃದಯ ಒಂದ ಬಡಿತಕ್ಕ ಎಷ್ಟು ಪಾಲು ರಕ್ತ ಹೊರಗ ತಳ್ಳತೈತಿ ಅನ್ನೂ ಲೆಕ್ಕ) ಅಳದ್ರ ಇರೂದಕ್ಕಿಂತ ಚಲೋ ಬರತೈತಿ, ಅಟ್ಯಾಕ್ ಆಗಿ ತುದಿ ಸತ್ತದ್ದೂ, ಅಲ್ಲಿ ಕುಂತ ರಕ್ತದ ಗಡ್ಡಿನೂ ತಪ್ಪಿಹೋಗತೈತಿ. ಅದಕ ಚಿತ್ರ ಚಂದ ಬಂತು ಅಂದಕೂಡ್ಲೆ ನಾ ಫ್ರೀಜ್ ಮಾಡೂದಿಲ್ಲ, ಒಂದ ಸಂದಿ ಕೆಳಗ ಇಳದು ನೋಡ್ತೀನಿ, ಹೃದಯ ಇನ್ನೂ ಉದ್ದ ಆತಂದ್ರ ಮೊದಲಿಂದು ಸುಳ್ಳು.

ನಮ್ಮ ಕಡೆ ಇನ್ನೂ ರುಮ್ಯಾಟಿಕ್ ಕೇಸ್ (ಗಂಟಲ ಸೋಂಕಿನ ಆಮ್ಯಾಲ ಹೃದಯದ ವಾಲ್ವ್ ಕೆಡೂ ರೋಗ) ಬರತಾವು. ಸಣ್ಣಂದ್ರಾಗ ಗಂಟಲನೋವು, ಕೀಲುನೋವು ಬಂದು ಹೋಗಿರತೈತಿ, ಯಾರೂ ಲಕ್ಷ ಕೊಟ್ಟಿರೂದಿಲ್ಲ, ವಾಲ್ವ್ ಮೆಲ್ಲಕ ಅಂಟತಾ ಬಂದಿರತೈತಿ. ರೋಣ ಕಡಿಯಾಕಿ ಒಬ್ಬಾಕಿ ಬಂದಿದ್ಲು, ಚೊಚ್ಚಿಲ ಬಸುರಿ, ಮೆಟ್ಟಲ ಏರಿದ್ರ ಉಸರ ಹತ್ತತೈತಿ ಅಂತ. ಬಸುರ್ಯಾಗ ಎಲ್ಲಾರಿಗೂ ಹಂಗ ಅಂತ ಮನ್ಯಾಗ ಹೇಳಿದ್ರಂತ. ಲಾಂಗ್ ಆಕ್ಸಿಸ್‌ನ್ಯಾಗ ಮೈಟ್ರಲ್ ವಾಲ್ವಿನ (ಎಡಗಡೆ ಮ್ಯಾಲಿನ, ಕೆಳಗಿನ ಕೋಣಿ ನಡುವಿನ ಬಾಗಿಲ) ಮುಂದಿನ ಎಸಳು ಹಾಕಿ ಸ್ಟಿಕ್ಕಿನಂಗ ಬಾಗಿತ್ತು, ಎಡ ಏಟ್ರಿಯಂ (ಮ್ಯಾಲಿನ ಕೋಣಿ) ದೊಡ್ಡದು. ಬಸುರಿಯಾದಾಗ ರಕ್ತ ಹೆಚ್ಚಾಗತೈತಿ, ವಾಲ್ವಿನ ಸಂದಿ ಮಾತ್ರ ಅಷ್ಟ ಇರತೈತಿ, ಒತ್ತಡ ಹಿಂದ ಪುಪ್ಪುಸಕ್ಕ ಹೋಗತೈತಿ. ಶಾರ್ಟ್ ಆಕ್ಸಿಸ್‌ನ್ಯಾಗ ವಾಲ್ವಿನ ಬಾಯಿ ಸುತ್ತ ಗೆರಿ ಎಳದೆ, 1.6 ಚದರ ಸೆಂಟಿಮೀಟರ್ ಬಂತು. ಹಿಂದ ನಿಂತಿದ್ದ ಸರ್, "ಇನ್ನೂ ಸ್ವಲ್ಪ ತುದಿಗೆ ಹೋಗು" ಅಂದ್ರು. ಪ್ರೋಬ್ ಸರಸಲಿಲ್ಲ, ಬರೇ ಚೂರ ಬಾಗಿಸಿದೆ, ಬಾಯಿ ಸಣ್ಣಾತು, ಮೀನಿನ ಬಾಯಿ ಆಕಾರ ಬಂತು, 1.1. ವಾಲ್ವ್ ಅಂದ್ರ ಆಲಿಕಿ (ಫನಲ್) ಇದ್ದಂಗ ಇರತೈತಿ, ಮ್ಯಾಲ ಅಳದ್ರ ಅಗಲ, ತುದ್ಯಾಗ ಅಳದ್ರ ಖರೇ ಲೆಕ್ಕ. ನಾರ್ಮಲ್ ಅಂದ್ರ 4ರಿಂದ 6 ಇರತೈತಿ, 1.5ರ ಒಳಗ ಬಂದ್ರ ಸಿವಿಯರ್. ಡಾಪ್ಲರ್‌ಲೆ (ರಕ್ತ ಹರಿಯೂ ವೇಗ ಅಳಿಯೂದು) ಪ್ರೆಶರ್ ಹಾಫ್ ಟೈಮ್ (ವಾಲ್ವಿನ ಎರಡೂ ಕಡಿ ಒತ್ತಡದ ಫರಕು ಅರ್ಧಕ್ಕ ಇಳಿಯೂ ಹೊತ್ತು) ತಗದು 220ನ್ನ ಅದರಿಂದ ಭಾಗಿಸಿ ತಾಳೆ ನೋಡಿದ್ವಿ, ಕೂಡಿತು. ರಿಪೋರ್ಟಿಗೆ ಸಹಿ ಮಾಡೂದು ಕಾರ್ಡಿಯಾಲಜಿಸ್ಟ್, ಆದ್ರ ನಾವು ತುದಿಗೆ ಹೋಗದಿದ್ರ ಅವರಾದ್ರೂ ಯಾವುದಕ್ಕ ಸಹಿ ಮಾಡ್ತಾರ?

ಇಂಥಾ ಕೇಸ್ ನೋಡಿದ್ರ ಹುರುಪು ಬರತೈತಿ ಖರೆ, ಆದ್ರ ನನಗ ಕೈ ಕೂತದ್ದು ನಾರ್ಮಲ್ ಎಕೋದಾಗ. ಆಪರೇಶನ್ ಫಿಟ್‌ನೆಸ್‌ಗೆ ಬರೂ ಪೇಶಂಟ್ ಯಾರಿಗೂ ಬ್ಯಾಡ, ಬೋರ್. ನಾ ಅವರನ್ನ ಕೇಳಿ ಕೇಳಿ ತುಗೊಂಡೆ. ನಾರ್ಮಲ್ ಕಣ್ಣಾಗ ಕೂತಿದ್ರ ಹೃದಯದ ಗ್ವಾಡಿ ಒಂದ ಕಡೆ ಸಪ್ಪಗ ಬಡದ್ರ ತಾನ ಗೊತ್ತಾಗತೈತಿ. ಆಮ್ಯಾಲ ಗೇನ್ (ಚಿತ್ರದ ಬೆಳಕು), ಡೆಪ್ತ್ (ಎಷ್ಟು ಆಳ ನೋಡೂದು) ನೀವ ತಿರವ್ರಿ, ಆಟೋ ಬಟನ್ ಒತ್ತಿ ಬಿಡಬ್ಯಾಡ್ರಿ, ಸೆಕ್ಟರ್ (ಬೀಸಣಿಗಿಯಂಥ ಚಿತ್ರದ ಅಗಲ) ಸಣ್ಣ ಮಾಡಿದ್ರ ಫ್ರೇಮ್ ರೇಟ್ (ಸೆಕೆಂಡಿಗೆ ಬರೂ ಚಿತ್ರಗಳು) ಏರತೈತಿ, ವಾಲ್ವ್ ಬಡಿಯೂದು ಸ್ವಚ್ಛ ಕಾಣತೈತಿ.

ಹುಡುಗ್ಯಾರಿಗೆ ಈ ಕೆಲಸದಾಗ ಬೇಡಿಕಿ ಐತಿ. ಹಳ್ಳಿ ಹೆಣ್ಣಮಕ್ಕಳು ಗಂಡಸು ಟೆಕ್ನಿಶಿಯನ್ ಇದ್ರ ಕುಬಸ ಬಿಚ್ಚಾಕ ಒಲ್ಲೆ ಅಂತಾರ, ಅದು ಅವರ ತಪ್ಪಲ್ಲ. ನಾ ಸೆರಗು ಮುಚ್ಚೇ ಕೆಲಸ ಮಾಡ್ತೀನಿ, ಪ್ರೋಬ್ ಇಡೂವಷ್ಟು ಜಾಗಾ ಸಾಕು. ಅಜ್ಜಿ ಒಬ್ಬಾಕಿ ಸ್ಕ್ರೀನ್ ನೋಡಿ "ಯವ್ವಾ, ಕೂಸು ಗಂಡೋ ಹೆಣ್ಣೋ?" ಅಂತ ನಕ್ಕೋತ ಕೇಳಿದ್ಲು, ಗ್ವಾಡಿ ಮ್ಯಾಲ ಲಿಂಗ ಪತ್ತೆ ಮಾಡೂದಿಲ್ಲ ಅನ್ನೂ ಬೋರ್ಡ್ ತೋರ್ಸಿದೆ.

ಪಗಾರ ಶುರುವಿಗೆ ಕಡಿಮಿನ, ಖಾಸಗಿ ಆಸ್ಪತ್ರ್ಯಾಗ ಅಂತೂ ಚೌಕಾಸಿ ಮಾಡ್ತಾರ. ಹೊರದೇಶ ಅನ್ನೋರು ಅಮೆರಿಕಾದ ಎಆರ್‌ಡಿಎಂಎಸ್ ಸಂಸ್ಥೆ ನಡಸೂ ಆರ್‌ಡಿಸಿಎಸ್ (ಎಕೋ ಮಾಡೋರ ಸರ್ಟಿಫಿಕೇಟ್) ಪರೀಕ್ಷೆ ಕಡೆ ನೋಡ್ರಿ. ಇನ್ನ ಭುಜ, ಇದನ್ನ ಯಾರೂ ಮೊದಲ ಹೇಳೂದಿಲ್ಲ. ಪೇಶಂಟಿನ ಬಲಕ್ಕ ಕುಂತು ಅವರ ಮೈ ಮ್ಯಾಲಿಂದ ಕೈ ಚಾಚಿ ದಿನಾ ಒತ್ತಿ ಒತ್ತಿ ಭುಜ, ಕುತಗಿ ಹಿಡೀತಾವು, ಈ ಲೈನಿನಾಗ ಇರೂ ಹಳಬರಿಗೆಲ್ಲಾ ಅದ ನೋವು. ಮಂಚ ಕೆಳಗ ಇಳಿಸಿ, ಪೇಶಂಟ್‌ನ ನಿಮ್ಮ ಅಂಚಿಗೆ ಎಳಕೊಂಡು, ಮೊಣಕೈ ಕೆಳಗ ಟಾವೆಲ್ ಸುರಳಿ ಇಟಗೊಂಡು ಮಾಡ್ರಿ, ರಶ್ ಇದ್ದಾಗನೂ.