ಕುಂಟುತ್ತಿದ್ದ ನಮ್ಮ ವೈಪಿ ಇಂಜಿನ್ ನೆಟ್ಟಗೆ ಓಡಿದ್ದು

ಮೊದಲ ಸಲ ಹಳಿಗೆ ಇಟ್ಟಾಗ ನಮ್ಮ ಪುಟ್ಟ ಮಾದರಿ ರೈಲು ಇಂಜಿನ್ ಕುಂಟಿತು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎರಡು ಕಡೆ ತಡೆದು, ಮೈ ಕೊಡವಿಕೊಂಡು ಮುಂದೆ ಹೋಗುತ್ತಿತ್ತು. ಆರು ಜನ ಆರು ತಿಂಗಳು ಕೂತು ಮಾಡಿದ ಕೆಲಸ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರತಿ ಭಾನುವಾರ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಗೆಳೆಯರೊಬ್ಬರ ಮನೆ ಮಹಡಿಯಲ್ಲಿ ಸೇರುತ್ತೇವೆ. ಅಲ್ಲಿ ನಾವು ಕಟ್ಟುತ್ತಿರುವುದು ತಾಳಗುಪ್ಪ ರೈಲು ಮಾರ್ಗದ ಮಾದರಿ, ಅದೂ ಮೀಟರ್ ಗೇಜ್ ಕಾಲದ್ದು, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಇದ್ದ ಕಾಲದ್ದು. ನಿಲ್ದಾಣಗಳು ಕುಂಸಿ, ಅರಸಾಳು, ಆನಂದಪುರ, ಸಾಗರ. ನನ್ನ ಅಜ್ಜಿಮನೆ ಆನಂದಪುರದ ಹತ್ತಿರ. ಮಳೆಗಾಲದ ಸಂಜೆ ಬಂಡಿ ಬರುವ ಮೊದಲೇ ಅದರ ಸದ್ದು ಕಾಡು ದಾಟಿ ಬರುತ್ತಿತ್ತು. ಹಾಗಾಗಿ ಡೀಸೆಲ್ ಮಾಡೋಣ, ಸುಲಭ ಅಂತ ಒಬ್ಬರು ಹೇಳಿದಾಗ ಯಾರೂ ಒಪ್ಪಲಿಲ್ಲ. ಡೀಸೆಲ್‌ನಲ್ಲಿ ಎಲ್ಲವೂ ಪೆಟ್ಟಿಗೆಯೊಳಗೆ. ಉಗಿ ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಹೊರಗೇ ಕಾಣುತ್ತದೆ ಅಲ್ವಾ, ಉಗಿ ತಳ್ಳುವ ಪಿಸ್ಟನ್ ರಾಡ್ ಹೋಗಿ ಬರುವುದು, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡ್ ಏರಿ ಇಳಿಯುವುದು, ಅದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಆರಿಸಿಕೊಂಡದ್ದು ವೈಪಿ. ಮೀಟರ್ ಗೇಜ್‌ನ ಪ್ಯಾಸೆಂಜರ್ ಬಂಡಿ ಎಳೆಯಲು 1949ರಿಂದ 1970ರವರೆಗೆ ತಯಾರಾದ ಇಂಜಿನ್, ಕೊನೆಯವು ಜಮ್‌ಶೆಡ್‌ಪುರದ ಟೆಲ್ಕೋದಲ್ಲಿ ಆದವು. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಎಳೆಯುವ ಆರು ದೊಡ್ಡ ಚಕ್ರ, ಹಿಂದೆ ಎರಡು. ನಮ್ಮ ಅಳತೆ 87ಕ್ಕೆ 1, ಅಂದರೆ ನಿಜವಾದದ್ದರ 87ನೇ ಒಂದು ಪಾಲು. ಒಂದು ಮೀಟರ್ ಗೇಜ್ ಈ ಲೆಕ್ಕದಲ್ಲಿ 11.5 ಮಿ.ಮೀ. ಆಗುತ್ತದೆ, ಸಿಗುವ ಹಳಿ 12 ಮಿ.ಮೀ., ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ. 1372 ಮಿ.ಮೀ. ದೊಡ್ಡ ಚಕ್ರ ನಮ್ಮಲ್ಲಿ ಹೆಚ್ಚುಕಮ್ಮಿ 16 ಮಿ.ಮೀ. ಅವನ್ನು ಊರಿನ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಬಾಯ್ಲರ್, ಚಾಲಕ ನಿಲ್ಲುವ ಕ್ಯಾಬ್, ಹಿಂದೆ ಕಲ್ಲಿದ್ದಲು ನೀರು ಹೊರುವ ಟೆಂಡರ್ ಎಲ್ಲ ಹಿತ್ತಾಳೆ ತಗಡು ಕತ್ತರಿಸಿ ಸೋಲ್ಡರ್ ಮಾಡಿದ್ದು.

ಕುಂಟಿನ ಕಾರಣ ಹೇಳಿದ್ದು ಪಕ್ಕದ ಬೀದಿಯ ಅಜ್ಜ. ಅವರು ಮೀಟರ್ ಗೇಜ್‌ನಲ್ಲಿ ಇಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು. ಇಂಜಿನ್ನನ್ನು ಅಂಗೈಯಲ್ಲಿಟ್ಟು ಬೆರಳಲ್ಲಿ ಚಕ್ರ ತಿರುಗಿಸಿ ನೋಡಿ, "ಒಂದು ಕಡೆ ಸತ್ತಿದ್ದಾಗ ಇನ್ನೊಂದು ಕಡೆ ಎಳೀಬೇಕು ಮಾರಾಯ, ನಿಂದು ಎಳೀತಿಲ್ಲ" ಅಂದರು.

ಸತ್ತ ಜಾಗ ಅಂದರೆ ಪಿಸ್ಟನ್ ತೀರಾ ತುದಿಗೆ ಬಂದು ನಿಲ್ಲುವ ಜಾಗ. ಅಲ್ಲಿ ಎಷ್ಟು ಉಗಿ ಕೊಟ್ಟರೂ ಚಕ್ರ ತಿರುಗುವುದಿಲ್ಲ. ಅದಕ್ಕೇ ಎಡಗಡೆ ಮತ್ತು ಬಲಗಡೆಯ ಚಕ್ರಗಳಲ್ಲಿ ರಾಡ್ ಸಿಕ್ಕಿಸುವ ಕ್ರ್ಯಾಂಕ್ ಪಿನ್‌ಗಳ ನಡುವೆ 90 ಡಿಗ್ರಿ ವ್ಯತ್ಯಾಸ ಇಟ್ಟಿರುತ್ತಾರೆ. ನಾವೂ ಇಟ್ಟಿದ್ದೆವು, ಆದರೆ ಕಣ್ಣಳತೆಯಲ್ಲಿ. ಮೂರನೇ ಜೋಡಿ ಚಕ್ರದ ಆಕ್ಸಲ್‌ನಲ್ಲಿ ಸ್ವಲ್ಪ ಜಾಸ್ತಿ ಆಗಿತ್ತು, ಹಾಗಾಗಿ ಸೈಡ್ ರಾಡ್ ಪ್ರತಿ ಸುತ್ತಿನಲ್ಲೂ ಬಿಗಿಯುತ್ತಿತ್ತು.

ಎಲ್ಲ ಬಿಚ್ಚಿದೆವು. ಹಿತ್ತಾಳೆಯ ದಪ್ಪ ಚೂರಿನಲ್ಲಿ ಒಂದು ಜಿಗ್, ಅಂದರೆ ಎಲ್ಲವನ್ನೂ ಒಂದೇ ಕೋನದಲ್ಲಿ ಹಿಡಿದಿಡುವ ಚೌಕಟ್ಟು, ಮಾಡಿದೆವು: ಆಕ್ಸಲ್ ಕೂರಲು ಒಂದು ಕಚ್ಚು, ಎಡ ಪಿನ್ ನೆಟ್ಟಗೆ ಮೇಲಕ್ಕೆ, ಬಲ ಪಿನ್ ಮುಂದಕ್ಕೆ ಮಾತ್ರ ನಿಲ್ಲುವಂತೆ ಎರಡು ತಡೆ. ಮೂರೂ ಆಕ್ಸಲ್ ಅದೇ ಜಿಗ್‌ನಲ್ಲಿ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸರಿಯಾಗಿ 90 ಡಿಗ್ರಿ ಆಗಲೇಬೇಕು ಅಂತ ಇಲ್ಲ, 89 ಆದರೂ ಓಡುತ್ತದೆ, ಆದರೆ ಮೂರರಲ್ಲೂ ಅದೇ 89 ಇರಬೇಕು. ಚಕ್ರಕ್ಕೆ ಅರಾಲ್ಡೈಟ್ ಹಚ್ಚಿ ಜಿಗ್‌ನಲ್ಲೇ ಒಂದು ದಿನ ಬಿಟ್ಟೆವು. ಎರಡೂ ಕಡೆಯ ಸೈಡ್ ರಾಡ್‌ಗಳನ್ನು ಒಂದರ ಮೇಲೊಂದು ಅಂಟಿಸಿ ಒಟ್ಟಿಗೇ ತೂತು ಹೊಡೆದೆವು, ಆಮೇಲೆ ಬಿಡಿಸಿದೆವು. ಮಾದರಿಯನ್ನು ಓಡಿಸುವ ಸಣ್ಣ ಮೋಟರ್ ಜೋಡಿಸುವ ಮೊದಲು ಗಾಜಿನ ಹಲಗೆಯನ್ನು ಸ್ವಲ್ಪ ಓರೆ ಮಾಡಿ, ಇಂಜಿನ್ನನ್ನು ಸುಮ್ನೆ ಮೇಲಿಂದ ಬಿಟ್ಟರೆ ಅದು ಜಾರದೆ ತಾನೇ ಉರುಳಿಕೊಂಡು ಇಳಿಯಬೇಕು. ಮೊದಲು ಎರಡು ಆಕ್ಸಲ್‌ಗೆ ಮಾತ್ರ ರಾಡ್ ಹಾಕಿ ನೋಡಿ, ಆಮೇಲೆ ಮೂರನೆಯದು. ಎಲ್ಲಾದರೂ ತಡೆದರೆ ಆ ತೂತನ್ನು ಕೂದಲೆಳೆಯಷ್ಟು ಮಾತ್ರ ಹಿಗ್ಗಿಸಿದೆವು.

ಇನ್ನೊಂದು ತೊಂದರೆ ನೆಲದಿಂದ ಬಂತು. ಅರಸಾಳಿನ ಮಣ್ಣಿನ ಬಣ್ಣ ಬರಲಿ ಅಂತ ಜಂಬಿಟ್ಟಿಗೆ ಕುಟ್ಟಿ ಜರಡಿ ಹಿಡಿದು ಹಳಿ ಪಕ್ಕ ಹಾಕಿದ್ದೆವು. ಬಣ್ಣ ಚೆನ್ನಾಗಿಯೇ ಬಂತು, ಆದರೆ ಅದರಲ್ಲಿದ್ದ ಸಣ್ಣ ಕಣಗಳು ಮೋಟರ್‌ನ ಅಯಸ್ಕಾಂತಕ್ಕೆ ಅಂಟಿಕೊಂಡವು. ಈಗ ಪುಡಿಯ ಮೇಲೆ ಮೊದಲು ಅಯಸ್ಕಾಂತ ಆಡಿಸಿ, ಅಂಟಿದ್ದನ್ನು ತೆಗೆದು, ಉಳಿದದ್ದನ್ನು ಫೆವಿಕಾಲ್ ನೀರಿನಲ್ಲಿ ಗಟ್ಟಿ ಮಾಡುತ್ತೇವೆ.

ಸದ್ದಿಗೆ ಸಣ್ಣ ಸ್ಪೀಕರ್ ಟೆಂಡರ್‌ನಲ್ಲಿದೆ. ಎರಡು ಸಿಲಿಂಡರ್, ಎರಡೂ ತುದಿಯಿಂದ ಉಗಿ, ಅಂದರೆ ಚಕ್ರದ ಒಂದು ಸುತ್ತಿಗೆ ನಾಲ್ಕು ಛುಕ್. ಗಂಟೆಗೆ 10 ಕಿ.ಮೀ. ವೇಗದಲ್ಲಿ ನಿಜವಾದ ವೈಪಿ ಸೆಕೆಂಡಿಗೆ ಸುಮಾರು ಎರಡೂವರೆ ಛುಕ್ ಹೊಡೆಯುತ್ತದೆ. ನಾವು ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎಣಿಸಿ ಹೊಂದಿಸಿದೆವು.

ಕಳೆದ ಭಾನುವಾರ ಅಜ್ಜನನ್ನು ಕರೆಸಿದೆವು. ಅವರು ಕುರ್ಚಿ ಬೇಡ ಅಂದು, ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು ಕುಕ್ಕರಗಾಲಲ್ಲಿ ಕೂತರು. ಇಂಜಿನ್ ಐದು ಡಬ್ಬಿ ಎಳೆದುಕೊಂಡು ಕುಂಸಿ ಬಿಟ್ಟು ಅರಸಾಳಿಗೆ ಬಂತು, ಎಲ್ಲೂ ತಡೆಯಲಿಲ್ಲ. "ಇನ್ನೊಂದ್ಸಲ ಬಿಡು" ಅಂದರು. ಏಳು ಸಲ ಬಿಟ್ಟೆವು.

ಈಗ ಗೂಡ್ಸ್ ಎಳೆಯುವ ವೈಜಿ ಹಿಡಿದಿದ್ದೇವೆ. ಅದಕ್ಕೆ ಎಳೆಯುವ ಆಕ್ಸಲ್ ನಾಲ್ಕು, ಚಕ್ರ 14 ಮಿ.ಮೀ. ಹಳೆಯ ಜಿಗ್ ಹೊಂದುವುದಿಲ್ಲ, ಹೊಸದಕ್ಕೆ ಹಿತ್ತಾಳೆ ಕತ್ತರಿಸಿ ಇಟ್ಟಿದ್ದೇನೆ.