ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿದೆವು

2023ರ ಜೂನ್ ಎರಡನೆಯ ವಾರದಲ್ಲಿ ನನ್ನ ಎರಡು ಬಳೆಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೈಸೂರಿನ ಒಂದು ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯವರು ಬಳೆಯ ಒಳಮೈಯನ್ನು ಒರೆಗಲ್ಲಿಗೆ ಒಮ್ಮೆ ತೀಡಿ, ಮೇಲೆ ಒಂದು ಹನಿ ಬಿಟ್ಟು ನೋಡಿ, ತಕ್ಕಡಿಯಲ್ಲಿಟ್ಟು, ತಲೆಯೆತ್ತದೆಯೇ ಎಷ್ಟು ಬೇಕು ಎಂದು ಕೇಳಿದರು. ನಲವತ್ತು ಸಾವಿರ ಎಂದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎಂದು ಚೀಟಿ ಬರೆದುಕೊಟ್ಟರು. ಮನೆಯಲ್ಲಿ ಯಾರಿಗೂ ಕಾಯಿಲೆಯಾಗಿರಲಿಲ್ಲ, ಯಾರ ಕೆಲಸವೂ ಹೋಗಿರಲಿಲ್ಲ, ನಾವು ಯಾವ ದುಂದುವೆಚ್ಚವನ್ನೂ ಮಾಡಿರಲಿಲ್ಲ. ಆದರೂ ಬಳೆ ಅಡವಿಡುವ ಸ್ಥಿತಿ ಬಂದಿತ್ತು. ಆ ನಲವತ್ತು ಸಾವಿರ ಹೋದದ್ದೆಲ್ಲಿಗೆ ಎಂಬುದನ್ನು ಅಂದೇ ರಾತ್ರಿ ಬರೆದಿಟ್ಟೆ: ಎರಡು ತುಂಬಿದ ಮಗಳ ಪುಟ್ಟ ಶಾಲೆಯ ಶುಲ್ಕ 18,000, ಆಷಾಢಕ್ಕೆ ಮುಂಚೆ ಮುಗಿಯಬೇಕೆಂದು ಒಂದೇ ವಾರದಲ್ಲಿ ಬಂದ ಎರಡು ಮದುವೆಗಳಿಗೆ ಸೀರೆ, ಮುಯ್ಯಿ, ಓಡಾಟ ಸೇರಿ 11,000, ಬೈಕಿನ ವಿಮೆ ಮತ್ತು ದುರಸ್ತಿಗೆ 7,000, ಮೊಬೈಲಿನ ಕಂತಿನ ಬಾಕಿ 4,000.

ಆ ಪಟ್ಟಿಯನ್ನು ಎರಡು ಮೂರು ಸಲ ಓದಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಇದರಲ್ಲಿ ಒಂದು ಬಾಬ್ತೂ ಅನಿರೀಕ್ಷಿತವಲ್ಲ. ಶಾಲೆ ಜೂನಿನಲ್ಲಿ ತೆರೆಯುತ್ತದೆಂದು ಗೊತ್ತಿತ್ತು, ವಿಮೆಯ ಕೊನೆಯ ದಿನಾಂಕ ಕಾಗದದ ಮೇಲೆಯೇ ಅಚ್ಚಾಗಿತ್ತು, ಮದುವೆಗಳು ಯುಗಾದಿಯ ಹೊತ್ತಿಗೇ ನಿಶ್ಚಯವಾಗಿದ್ದವು. ಮದುವೆಯಾದ ದಿನದಿಂದ ನಾನು ತಿಂಗಳ ಲೆಕ್ಕ ಬರೆಯುತ್ತಲೇ ಬಂದವಳು. ಕೊತ್ತಂಬರಿ ಸೊಪ್ಪಿನ ಹತ್ತು ರೂಪಾಯಿಯೂ ನನ್ನ ಪುಸ್ತಕದಲ್ಲಿರುತ್ತಿತ್ತು. ಹಾಗಿದ್ದೂ ತಿಂಗಳಿಗೊಮ್ಮೆ ಬಾರದ ಖರ್ಚುಗಳಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಅವು ಬಂದಾಗಲೆಲ್ಲ ‘ಈ ತಿಂಗಳು ಸ್ವಲ್ಪ ಹೆಚ್ಚಾಯಿತು’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಸರಿಯೇ. ನಾನಾದರೋ ಹಾಸಿಗೆಯನ್ನು ಅಳೆಯುವಾಗ ಅದರ ಮಡಿಸಿದ ತುದಿಯನ್ನೂ ಸೇರಿಸಿಕೊಂಡು ಅಳೆಯುತ್ತಿದ್ದೆ.

ಆಗ ನಮ್ಮವರಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೈಗೆ ಬರುತ್ತಿದ್ದ ಸಂಬಳ 27,500. ನಾನು ಸಂಜೆ ನೆರೆಹೊರೆಯ ಮಕ್ಕಳಿಗೆ ಪಾಠ ಹೇಳಿ 4,000 ಗಳಿಸುತ್ತಿದ್ದೆ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಜುಲೈ ಮೊದಲ ಭಾನುವಾರ ಇಬ್ಬರೂ ಕುಳಿತು, ಹಿಂದಿನ ವರ್ಷದ ಬ್ಯಾಂಕ್ ಪುಸ್ತಕ, ಬೈಕಿನ ಕಾಗದ, ಮುಯ್ಯಿ ಪುಸ್ತಕ ಎಲ್ಲವನ್ನೂ ಹರಡಿಕೊಂಡು, ವರ್ಷದಲ್ಲಿ ಆಗೊಮ್ಮೆ ಈಗೊಮ್ಮೆ ಬರುವ ಖರ್ಚುಗಳನ್ನಷ್ಟೇ ಒಂದು ಹಾಳೆಗೆ ಇಳಿಸಿದೆವು. ಶಾಲೆಯ ಶುಲ್ಕ 18,000, ಯುಗಾದಿ ಗೌರಿ ಗಣೇಶ ದಸರಾ ದೀಪಾವಳಿಗಳಿಗೆ ಬಟ್ಟೆಯೂ ಸೇರಿ 12,000, ಮದುವೆ ಗೃಹಪ್ರವೇಶಗಳ ಮುಯ್ಯಿಗೆ 7,200, ಊರಿಗೆ ಹೋಗಿಬರಲು 6,000, ವೈದ್ಯರು ಮತ್ತು ಔಷಧಿಗೆ 6,000, ಬೈಕಿನ ಟೈರು ಮತ್ತು ಸರ್ವೀಸಿಗೆ 4,200, ಅದರ ವಿಮೆಗೆ 1,800. ಇವುಗಳ ಜೊತೆಗೆ ಮೇ ಕೊನೆಗೆ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ 436 ಮತ್ತು ಸುರಕ್ಷಾ ವಿಮೆಯ 20, ಇಬ್ಬರದೂ ಸೇರಿ 912. ಒಟ್ಟು 56,112 ರೂಪಾಯಿ. ಹನ್ನೆರಡರಿಂದ ಭಾಗಿಸಿದಾಗ 4,676. ನಾವು ಅದನ್ನು 4,700 ಎಂದು ಹಿಡಿದೆವು.

ಆ ಅಂಕಿಯನ್ನು ಕಂಡು ನಮ್ಮವರು ಬಹಳ ಹೊತ್ತು ಮಾತನಾಡಲಿಲ್ಲ. ತಿಂಗಳಿಗೆ 27,500 ಬರುತ್ತದೆ ಎಂದು ಇಬ್ಬರೂ ತಿಳಿದಿದ್ದೆವು. ನಿಜವಾಗಿ ಬರುತ್ತಿದ್ದುದು 22,800. ಉಳಿದದ್ದು ಮೊದಲೇ ಯಾರಿಗೋ ಸೇರಿದ್ದು.

ಆ ಹಣವನ್ನು ಎಲ್ಲಿಡುವುದು ಎಂಬುದರ ಮೇಲೆ ಸ್ವಲ್ಪ ಚರ್ಚೆಯಾಯಿತು. ನನ್ನ ತಾಯಿ ಸಾಸಿವೆ ಡಬ್ಬಿಯಲ್ಲಿಡುತ್ತಿದ್ದರು, ಅವರ ಕಾಲಕ್ಕೆ ಅದು ಸರಿಯಾದ ಜಾಗ. ಅಲ್ಲಿಂದ ಹಣ ತೆಗೆಯಬೇಕಾದರೆ ನಾಗಂದಿಗೆಯವರೆಗೆ ಕೈ ಹೋಗಬೇಕಿತ್ತು ಮತ್ತು ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಈಗಿನ ಹಣ ಮೊಬೈಲಿನಲ್ಲಿರುವುದರಿಂದ ಅದಕ್ಕೆ ಆ ನಾಚಿಕೆ ಇಲ್ಲ. ಹೀಗಾಗಿ ನಾನು ಹತ್ತಿರದ ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಉಳಿತಾಯ ಖಾತೆ ತೆರೆದು, ಅದನ್ನು ಬೇಕೆಂದೇ ಯುಪಿಐಗೆ ಜೋಡಿಸಲಿಲ್ಲ, ಎಟಿಎಂ ಕಾರ್ಡನ್ನೂ ಕೇಳಲಿಲ್ಲ. ಹಣ ಬೇಕೆಂದರೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ, ಎಸ್‌ಬಿ 7 ನಮೂನೆ ತುಂಬಿ, ಪಾಸ್‌ಬುಕ್ ಜೊತೆಗೆ ಕೊಟ್ಟು, ಸರದಿಯಲ್ಲಿ ನಿಲ್ಲಬೇಕು. ಶೇ 4ರ ಬಡ್ಡಿ ಹೇಳಿಕೊಳ್ಳುವಂಥದ್ದಲ್ಲ. ಆದರೆ ನಾನು ಅಲ್ಲಿಗೆ ಹೋದದ್ದು ಬಡ್ಡಿಗಾಗಿ ಅಲ್ಲ, ಆ ಸರದಿಗಾಗಿ. ಸಂಬಳ ಬಂದ ಮರುದಿನವೇ 4,700 ಅಲ್ಲಿ ಕಟ್ಟುವುದು, ಹಾಗೆಯೇ ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ 1,000 ಕಟ್ಟುವುದು, ಆಮೇಲೆ ಉಳಿದದ್ದರಲ್ಲಿ ಮನೆ ನಡೆಸುವುದು ಎಂದು ತೀರ್ಮಾನವಾಯಿತು.

ಉಳಿದ 21,800ರಲ್ಲಿ ಬಾಡಿಗೆ 7,500, ದಿನಸಿ 4,000, ತರಕಾರಿ ಹಣ್ಣು 2,200, ಊರಿನಲ್ಲಿರುವ ಅತ್ತೆ ಮಾವನವರಿಗೆ 2,000, ಪೆಟ್ರೋಲು 1,500, ಹಾಲು 1,300, ಫೋನು 700, ಗ್ಯಾಸಿಗೆ ಸರಾಸರಿ 600, ನೀರು ಮತ್ತು ವಿದ್ಯುತ್ತಿಗೆ 300. ಕೊನೆಯಲ್ಲಿ 1,700 ಉಳಿಯಿತು; ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಪಾಠದ ಹಣವನ್ನು ಮನೆಯ ಲೆಕ್ಕಕ್ಕೆ ಸೇರಿಸಲೇ ಇಲ್ಲ, ಅದು ಪೂರ್ತಿ ಬಳೆಯ ಸಾಲಕ್ಕೆ. ಸರ್ಕಾರದ ಗೃಹಲಕ್ಷ್ಮಿ ಹಣವೂ ನಮ್ಮ ಲೆಕ್ಕದಲ್ಲಿಲ್ಲ, ಏಕೆಂದರೆ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ನಮ್ಮ ಅತ್ತೆ. ಅದು ಅವರಿಗೆ ಸೇರಬೇಕಾದದ್ದು, ಅವರಿಗೇ ಸೇರುತ್ತದೆ.

ನಾವು ಆರಂಭಿಸಿದ ತಿಂಗಳೂ ಚೆನ್ನಾಗಿತ್ತು ಎನ್ನುವಂತಿಲ್ಲ. ಅದೇ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರರ ಮೇಲಿತ್ತು, ಆಗಸ್ಟ್ 1ರಿಂದ ನಂದಿನಿ ಹಾಲು ಲೀಟರಿಗೆ 3 ರೂಪಾಯಿ ಏರಿತು. ಟೊಮೆಟೊಗೆ ಉಪಾಯ ಮೈಸೂರು ಸೀಮೆಯ ಅಡುಗೆಯಲ್ಲಿಯೇ ಇತ್ತು. ಬಸ್ಸಾರಿಗೆ ಅದು ಬೇಕೇ ಬೇಕೆಂದಿಲ್ಲ, ಉಪ್ಸಾರಿಗಂತೂ ಬೇಡವೇ ಬೇಡ. ಒಂದು ಕಟ್ಟು ದಂಟಿನ ಸೊಪ್ಪು, ಒಂದು ಪಾವು ಹೆಸರುಕಾಳು ಬೇಯಿಸಿ, ನೀರು ಬಸಿದು, ಬಸಿದ ಆ ನೀರಿಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಹುಣಸೆಹಣ್ಣು ಸೇರಿಸಿ ಅರೆದ ಖಾರವನ್ನು ತಟ್ಟೆಯಲ್ಲಿಯೇ ಕಲಸಿಕೊಂಡು ಮುದ್ದೆಗೆ ಅದ್ದಿದರೆ, ಮೇಲಿನ ಸೊಪ್ಪು ಕಾಳು ಒಗ್ಗರಣೆಯಾಗಿ ಪಲ್ಯವೂ ಸಿದ್ಧ. ಒಂದೇ ಪಾತ್ರೆಯಲ್ಲಿ ಬೆಂದದ್ದು ಸಾರೂ ಆಯಿತು, ಪಲ್ಯವೂ ಆಯಿತು, ಗ್ಯಾಸೂ ಉಳಿಯಿತು. ರಾಗಿ ಊರಿನಿಂದ ಬರುವುದರಿಂದ ಗಿರಣಿಯ ಖರ್ಚು ಮಾತ್ರ. ನಮ್ಮವರು ವಾರಕ್ಕೆ ಮೂರು ದಿನ ಮುದ್ದೆಗೆ ಒಪ್ಪಿದರು; ನಾಲ್ಕನೆಯ ದಿನಕ್ಕೆ ಮುಖ ಸ್ವಲ್ಪ ಬಿಗಿಯಾಗುತ್ತಿತ್ತು ಎಂಬುದನ್ನೂ ಹೇಳಬೇಕು.

ವಿದ್ಯುತ್ತಿನಲ್ಲಿ ಒಂದು ಪಾಠ ಕಲಿತೆ. ಗೃಹಜ್ಯೋತಿ ಬಂದಾಗ 200 ಯೂನಿಟ್‌ವರೆಗೆ ಎಲ್ಲರಿಗೂ ಉಚಿತ ಎಂದೇ ನಾನು ತಿಳಿದಿದ್ದೆ. ಉಚಿತವಾಗಿ ಸಿಗುವುದು ಆ ಮನೆಯ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ. ಅದನ್ನು ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನಮ್ಮ ಬಾಡಿಗೆ ಮನೆ ಆ ವರ್ಷ ಬಹುಕಾಲ ಖಾಲಿಯಿದ್ದುದರಿಂದ ನಮಗೆ ಬಿದ್ದ ಮಿತಿ ಅರವತ್ತರ ಆಸುಪಾಸಿನಲ್ಲಿತ್ತು. 2 ಕಿಲೋವಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು, ಅಂದರೆ ಮಿತಿಯ ಅರ್ಧದಷ್ಟು ಸ್ನಾನಕ್ಕೇ ಹೋಗುತ್ತಿತ್ತು. ಅಲ್ಲಿಂದ ಮುಂದೆ ಮೂವರ ಸ್ನಾನವೂ ಬೆನ್ನುಬೆನ್ನಿಗೆ ನಡೆಯತೊಡಗಿತು; ಒಂದು ಸಲ ಹಾಕಿ ಆರಿಸಿದ ಗೀಸರನ್ನು ಮತ್ತೆ ಹಾಕುವಂತಿಲ್ಲ. ಶಕ್ತಿ ಯೋಜನೆಯಿಂದ ಬಸ್ಸಿನಲ್ಲಿ ನನಗೆ ಶೂನ್ಯ ದರದ ಟಿಕೆಟ್ಟು ಸಿಗುತ್ತಿದ್ದುದರಿಂದ ದೇವರಾಜ ಮಾರುಕಟ್ಟೆಯ ವಾರದ ತರಕಾರಿ ನನ್ನ ಪಾಲಿಗೆ ಬಂತು. ಮಾವನವರ ರಕ್ತದೊತ್ತಡದ ಮಾತ್ರೆಯನ್ನು ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದಿಂದ ತರತೊಡಗಿದೆವು.

ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಮೊದಲ ಮೂರು ತಿಂಗಳು ಆ ಕೊನೆಯ 1,700ನ್ನೂ ಪೂರ್ತಿ ಉಳಿಸಲು ಹೊರಟೆ. ಹೊರಗಿನ ತಿಂಡಿ ಇಲ್ಲ, ಐಸ್‌ಕ್ರೀಮ್ ಇಲ್ಲ, ಚಾಮುಂಡಿ ಬೆಟ್ಟಕ್ಕೆ ಹೋದರೂ ಮನೆಯ ಚಿತ್ರಾನ್ನದ ಡಬ್ಬಿ. ಸೆಪ್ಟೆಂಬರಿನಲ್ಲಿ ಬಟ್ಟೆ ಒಗೆಯುವಾಗ ನಮ್ಮವರ ಶರ್ಟಿನ ಜೇಬಿನಲ್ಲಿ ಹೋಟೆಲೊಂದರ ಬಿಲ್ಲು ಸಿಕ್ಕಿತು: ಒಂದು ಮಸಾಲೆ ದೋಸೆ, ಒಂದು ಕಾಫಿ. ಹಣ ಸಹೋದ್ಯೋಗಿಯಿಂದ ಸಾಲ ತಂದದ್ದು. ನಾನು ಜಗಳ ಆರಂಭಿಸಿದೆ, ಅವರು ಒಂದೇ ಮಾತು ಹೇಳಿದರು: ‘ದೋಸೆಗೆ ಸುಳ್ಳು ಹೇಳುವಂತೆ ಆಗಿದೆ ನನ್ನ ಗತಿ.’ ಆ ರಾತ್ರಿಯೇ ಲೆಕ್ಕ ತಿದ್ದಿದೆ. ಇಬ್ಬರಿಗೂ ತಿಂಗಳಿಗೆ 500, ಅದಕ್ಕೆ ನಮ್ಮ ಮನೆಯಲ್ಲಿ ಕೇಳಬಾರದ ಹಣ ಎಂದೇ ಹೆಸರು. ಅದರಲ್ಲಿ ಏನು ತಿಂದರು, ಏನು ಕೊಂಡರು ಎಂದು ಮತ್ತೊಬ್ಬರು ವಿಚಾರಿಸುವಂತಿಲ್ಲ. ಮಿಕ್ಕ 700 ಮೂವರ ಸಣ್ಣಪುಟ್ಟ ಸಂತೋಷಕ್ಕೆ. ಮೊಬೈಲಿನ ಕಂತಿನ ವ್ಯವಹಾರವನ್ನು ಮಾತ್ರ ಅಂದೇ ನಿಲ್ಲಿಸಿದೆವು. ಬಡ್ಡಿಯಿಲ್ಲದ ಕಂತು ಎಂದು ಕೊಂಡದ್ದಕ್ಕೆ ಪ್ರಕ್ರಿಯಾ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಂದು ಬಿಲ್ಲಿನಲ್ಲಿ ಬಂದಿದ್ದನ್ನು ನಾವು ಓದಿದ್ದೇ ತಡವಾಗಿ.

ಮುಯ್ಯಿಯ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಇಲ್ಲಿ ಕಡಿತ ಮಾಡಿದರೆ ಉಳಿಯುವುದಕ್ಕಿಂತ ಕಳೆಯುವುದು ಹೆಚ್ಚು. ನಮ್ಮ ಮದುವೆಯಲ್ಲಿ ಬಂದ ಮುಯ್ಯಿಯ ಪುಸ್ತಕವನ್ನು ಅತ್ತೆಯವರು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅದರಲ್ಲಿ ಯಾರು ಎಷ್ಟು ಹಾಕಿದ್ದಾರೆ ಎಂಬುದು ಊರಿನ ಹೆಸರಿನ ಸಮೇತ ಇದೆ: 101, 201, ಒಂದು ಕಡೆ ಹಣದ ಬದಲು ಎರಡು ಸೇರು ಅಕ್ಕಿ. ಹಾಕಿದವರಿಗೆ ಹಾಕಿದಷ್ಟಕ್ಕೆ ಕಡಿಮೆಯಾಗದಂತೆ ಹಿಂತಿರುಗಿಸಬೇಕು, ಅದು ಸಾಲವೇ. ಆದರೆ ಪುಸ್ತಕದಲ್ಲಿಲ್ಲದ ಕಡೆ, ಕಚೇರಿಯ ಪರಿಚಯದವರ ಅದ್ದೂರಿ ಆರತಕ್ಷತೆಗಳಲ್ಲಿ, ನಾವು ಮರ್ಯಾದೆಗೆ ಅಂಜಿ ಸಾವಿರಗಟ್ಟಲೆ ಹಾಕುತ್ತಿದ್ದೆವು. ಅದನ್ನು ನಿಲ್ಲಿಸಿದ್ದರಿಂದ ಯಾವ ಸಂಬಂಧವೂ ಮುರಿಯಲಿಲ್ಲ. ಅಕ್ಕಿ ಹಾಕಿದ್ದ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಾದಾಗ ನಾನು ಅಕ್ಕಿಯನ್ನೇ ಒಯ್ದೆ. ಆ ಅಜ್ಜಿ ಅದನ್ನು ಮರೆತಿರಲಿಲ್ಲ.

ಪಾಠದ ಹಣ ಒಂಬತ್ತು ತಿಂಗಳು, ಅದರ ಮೇಲೆ ದೀಪಾವಳಿಯ ಬೋನಸ್ಸು ಸೇರಿ, ಅಸಲನ್ನು ಆಗಾಗ ಇಳಿಸುತ್ತ ಬಂದು, 2024ರ ಯುಗಾದಿಗೆ ಮುಂಚೆ ಬಳೆ ಬಿಡಿಸಿಕೊಂಡೆ. ಬಡ್ಡಿಗೆ ಹೋದದ್ದು ಎರಡು ಸಾವಿರಕ್ಕೆ ಸ್ವಲ್ಪ ಹೆಚ್ಚು. ಅದೇ ವರ್ಷದ ಜೂನಿನಲ್ಲಿ ಶುಲ್ಕ ಕಟ್ಟಲು ಅಂಚೆ ಕಚೇರಿಯ ಸರದಿಯಲ್ಲಿ ನಿಂತಾಗ ನನ್ನ ಮುಂದೆ ಹನ್ನೊಂದು ಜನರಿದ್ದರು, ಮಗಳು ಅಂಟಿನ ಡಬ್ಬಿಗೆ ಬೆರಳು ಹಾಕಿ ಬಯ್ಯಿಸಿಕೊಂಡಳು, 18,000 ಎಣಿಸಿಕೊಂಡು ಹೊರಗೆ ಬಂದೆವು.

ಪ್ರತಿ ಯುಗಾದಿಯ ಮಧ್ಯಾಹ್ನ, ಹೋಳಿಗೆ ಉಂಡು ಮಗು ಮಲಗಿದ ಮೇಲೆ, ಆ ಹಾಳೆಯನ್ನು ಹೊಸದಾಗಿ ಬರೆಯುತ್ತೇವೆ. 2025ರ ಹಾಳೆ ಕಷ್ಟದ್ದಾಯಿತು. ಮಗಳು ಎಲ್‌ಕೆಜಿಗೆ ಸೇರುವುದರಿಂದ ಶುಲ್ಕ 30,000ಕ್ಕೆ ಏರಿ, ತಿಂಗಳ ಭಾಗ 4,700ರಿಂದ 5,700 ಆಯಿತು. ಎರಡು ವರ್ಷ ಸುಮ್ಮನಿದ್ದ ಮನೆಯ ಮಾಲೀಕರು ಬಾಡಿಗೆಯನ್ನು ಶೇ 5ರಷ್ಟು, ಅಂದರೆ 375 ಏರಿಸಿದರು. ಏಪ್ರಿಲ್ 1ರಿಂದ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚುವುದೆಂದು ಹಬ್ಬಕ್ಕೆ ಮೂರು ದಿನ ಮುಂಚೆಯೇ ಪ್ರಕಟವಾಗಿತ್ತು; ದಿನಕ್ಕೊಂದು ಲೀಟರಿನ ಮನೆಗೆ ಅದು ತಿಂಗಳಿಗೆ 120. ಇತ್ತ ನಮ್ಮವರ ಸಂಬಳ 1,500 ಏರಿತ್ತು. ಕೂಡಿ ಕಳೆದು ನೋಡಿದರೆ ಉಳಿದದ್ದು 5 ರೂಪಾಯಿ. ನಮ್ಮವರು ಆ ಐದನ್ನು ಕೇಳಬಾರದ ಹಣಕ್ಕೆ ಸೇರಿಸಬೇಕೆಂದರು, ನಾನು ತರಕಾರಿಗೆ ಎಂದೆ. ಅಷ್ಟರಲ್ಲಿ ಎದ್ದು ಬಂದ ಮಗಳು ಪೆನ್ಸಿಲು ಕಿತ್ತುಕೊಂಡು ಹಾಳೆಯ ತುದಿಯಲ್ಲಿ ಬೆಕ್ಕೊಂದನ್ನು ಬರೆದುಬಿಟ್ಟಳು.