ಬೋಳು ಅಂಗಳಕ್ಕೆ ಸ್ಥಳೀಯ ಗಿಡ: ನರ್ಸರಿಗೆ ಕೊನೆಯಲ್ಲಿ ಹೋಗಿ

ಮನೆ ಕಟ್ಟಿ ಮುಗಿದ ಮೇಲೆ ಉಳಿಯುವ ಅಂಗಳದಲ್ಲಿ ಮಣ್ಣಿಗಿಂತ ಜಲ್ಲಿ, ಇಟ್ಟಿಗೆ ಚೂರು, ಒಣಗಿದ ಗಾರೆಯೇ ಹೆಚ್ಚು. ಲಾರಿ ಓಡಾಡಿ ನೆಲ ಕಲ್ಲಾಗಿರುತ್ತದೆ. ಅಲ್ಲಿಗೆ ಗಿಡ ತಂದು ನೆಟ್ಟು, ಅದು ಸೊರಗಿದಾಗ ಗಿಡವನ್ನೇ ದೂರುವವರು ಬಹಳ. ಸ್ಥಳೀಯ ಗಿಡವಾದರೂ ಸಿಮೆಂಟಿನಲ್ಲಿ ಬೇರು ಬಿಡದು. ಹಾಗಾಗಿ ಕೊಳ್ಳುವ ಕೆಲಸ ಕೊನೆಗಿರಲಿ.

ಮೊದಲು ಬಿಸಿಲನ್ನು ಅಳೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಹಾಳೆಯ ಮೇಲೆ ಗುರುತಿಸಿ. ದಿನಕ್ಕೆ 6 ಗಂಟೆಗೂ ಹೆಚ್ಚು ನೇರ ಬಿಸಿಲಿದ್ದರೆ ಬಿಸಿಲಿನ ಗಿಡ, 3ರಿಂದ 6 ಗಂಟೆಯಾದರೆ ಅರೆನೆರಳಿನ ಗಿಡ.

ಆಮೇಲೆ ನೀರು. ಸುಮಾರು 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 2.5 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಅಲ್ಲಿ ನೀರು ನಿಲ್ಲುತ್ತದೆ. ಜೌಗು ತಡೆಯುವ ಗಿಡ ಆರಿಸಬೇಕು, ಇಲ್ಲವೇ ಮಡಿಯನ್ನು ಎತ್ತರಿಸಬೇಕು. ಹತ್ತು ನರ್ಸರಿ ಸುತ್ತಿದರೂ ತಿಳಿಯದ ಸಂಗತಿಯನ್ನು ಈ ಒಂದು ಗುಂಡಿ ಹೇಳುತ್ತದೆ.

ಗಾರೆ, ಸಿಮೆಂಟ್ ಚೂರುಗಳನ್ನು ಆರಿಸಿ ತೆಗೆಯಿರಿ; ಅವು ಮಣ್ಣಿನ ಕ್ಷಾರ ಹೆಚ್ಚಿಸುತ್ತವೆ. ಗಟ್ಟಿ ನೆಲವನ್ನು ಹಾರೆಯಿಂದ ಸಡಿಲಿಸಿ, ತೆಳುವಾಗಿ ಕಾಂಪೋಸ್ಟ್ ಹರಡಿ. ಹೆಚ್ಚು ಗೊಬ್ಬರ ಬೇಡ. ಬಡ ಮಣ್ಣಿಗೆ ಒಗ್ಗಿದ ಗಿಡಗಳು ಗೊಬ್ಬರ ಉಂಡು ಉದ್ದುದ್ದ ಬೆಳೆದು ಬಾಗಿಬಿಡುತ್ತವೆ.

ಈಗ ಆಯ್ಕೆ. ಹುಟ್ಟಿದಾಗಿನಿಂದ ನೋಡಿದ್ದೇವೆ ಎಂದ ಮಾತ್ರಕ್ಕೆ ಗಿಡ ಸ್ಥಳೀಯವಾಗುವುದಿಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನದು, ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ನಿಮ್ಮ ಸುತ್ತಿನ ಕುರುಚಲು ಕಾಡಿನಲ್ಲಿ, ಹಳೆಯ ತೋಪಿನಲ್ಲಿ ಯಾರೂ ನೀರುಣಿಸದೆ ಬೆಳೆದವನ್ನು ಗಮನಿಸಿ, ಬಲ್ಲವರಿಂದ ಹೆಸರು ತಿಳಿದುಕೊಳ್ಳಿ. ಕಾಡಿನ ಗಿಡವನ್ನು ಮಾತ್ರ ಕಿತ್ತು ತರಬೇಡಿ. ಬೀಜದಿಂದ ಬೆಳೆಸಿದ ಸಸಿ ಕೇಳಿ ಪಡೆಯಿರಿ, ಅದೂ ಚಿಕ್ಕದನ್ನೇ. ಆಳೆತ್ತರದ ಗಿಡ ನೋಡಲು ಚೆಂದ, ಆದರೆ ಕುಂಡದಲ್ಲಿ ಸುತ್ತಿಕೊಂಡ ಅದರ ಬೇರು ನೆಲಕ್ಕಿಳಿಯಲು ಹೆಣಗುತ್ತದೆ.

ಗುಂಡಿ ಬೇರಿನ ಉಂಡೆಗಿಂತ ಎರಡು-ಮೂರು ಪಟ್ಟು ಅಗಲವಿರಲಿ, ಆಳ ಉಂಡೆಯಷ್ಟೇ ಸಾಕು. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಅರ್ಧ ಕೆಲಸ ಮಳೆಯದೇ. ಒಂದು ಜಾತಿಯ ಮೂರೋ ಐದೋ ಗಿಡಗಳನ್ನು ಗುಂಪಾಗಿ ನೆಡಿ. ಜೇನಿಗೆ ಹುಡುಕಾಟ ತಪ್ಪುತ್ತದೆ. ಮರವನ್ನು ಗೋಡೆಯಿಂದ ದೂರವಿಡಿ. ಬುಡದ ಸುತ್ತ ಎಂಟು-ಹತ್ತು ಸೆಂಟಿಮೀಟರ್ ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಹಾವಿನ ಭಯವಿದ್ದವರು ಬಾಗಿಲ ಬಳಿ, ಓಡಾಡುವ ದಾರಿಯಲ್ಲಿ ತರಗೆಲೆ ಹಾಕದಿದ್ದರಾಯಿತು. ಬಿಸಿಲು ಬೀಳುವ ಒಂದು ಮೂಲೆಯನ್ನೂ ಹೊದಿಸದೆ ಬರಿದಾಗಿ ಬಿಡಿ, ಏಕೆಂದರೆ ಗೂಡು ಕಟ್ಟದೆ ಒಂಟಿಯಾಗಿ ಬಾಳುವ ಜೇನುನೊಣಗಳಲ್ಲಿ ಬಹುಪಾಲು ಜಾತಿಗಳು ನೆಲದಲ್ಲೇ ಬಿಲ ತೋಡಿ ಮರಿ ಮಾಡುತ್ತವೆ.

ಮೊದಲ ವರ್ಷ ಮಳೆ ಇಲ್ಲದಾಗ ನೀರು ಬೇಕು. ದಿನವೂ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ, ಬೇರಿನಾಳಕ್ಕೆ ಇಳಿಯುವಂತೆ ಕೊಡಿ. ಮೇಲೆ ಹೆಚ್ಚೇನೂ ಬೆಳವಣಿಗೆ ಕಾಣದಿದ್ದರೆ ಗಾಬರಿ ಬೇಡ, ಬೇರು ಇಳಿಯುತ್ತಿರುತ್ತದೆ.

ಎಲೆಗಳಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯುವ ಚಟ ಬಿಡುವುದೇ ಹಲವರಿಗೆ ಅತ್ಯಂತ ಕಷ್ಟದ ಹಂತ. ಎಕ್ಕದ ಎಲೆ ತಿನ್ನುವ ಪಟ್ಟೆಪಟ್ಟೆ ಹುಳು, ಕರಿಬೇವನ್ನು ಬೋಳಿಸುವ ಹಸಿರು ಹುಳು, ಎರಡೂ ನಾಳಿನ ಚಿಟ್ಟೆಗಳು. ಚಿಟ್ಟೆ ಬೇಕು, ಹುಳು ಬೇಡ ಎಂದರೆ ನಡೆಯದು. ಎಲೆ ಮತ್ತೆ ಚಿಗುರುತ್ತದೆ.

ಕೀಳಬೇಕಾದದ್ದು ಲಂಟಾನ, ಪಾರ್ಥೇನಿಯಂನಂಥ ಆಕ್ರಮಣಕಾರಿ ಕಳೆಗಳನ್ನು. ಪಾರ್ಥೇನಿಯಂ ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತುಬಿಡಿ. ಕೈಗವಸು ಮರೆಯಬೇಡಿ, ಆ ಗಿಡ ತಾಗಿದರೆ ಚರ್ಮಕ್ಕೆ ಅಲರ್ಜಿಯಾಗಬಹುದು.